ಫೋಮಿನ ಕವಚ, ಕೈಯ ವಿದ್ಯೆ

(ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



 

ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ ‘ತಾಂತ್ರಿಕ ಶಿಕ್ಷಣ ಮತ್ತು ಉದ್ಯೋಗಾವಕಾಶಗಳು’. ಪಾಲಿಟೆಕ್ನಿಕ್ ಮೇಷ್ಟರು ಬಂದರೆ ಇದೇ ವಿಷಯ ಕೊಡುವುದು ವಾಡಿಕೆ. ಇದೇ ವೇದಿಕೆಯಲ್ಲಿ ಇದೇ ವಿಷಯದ ಮೇಲೆ ನಾನು ಎರಡು ಸಲ ಮಾತಾಡಿದ್ದೇನೆ. ಎರಡು ಸಲವೂ ಹಿಂದಿನ ಸಾಲಿನವರು ತೂಕಡಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಈ ಸಲ ಅವರ ಅನುಮತಿ ಪಡೆದು ಬೇರೊಂದು ಮಾತು ಹೇಳುತ್ತೇನೆ. ಒಬ್ಬ ಹುಡುಗ ಮನೆಯಲ್ಲಿ ಕೂತು ಸಿನಿಮಾದ ಉಕ್ಕಿನ ಮನುಷ್ಯನ ಕವಚ ತಯಾರಿಸಿದ ಕಥೆ ಇದು. ಇದರಲ್ಲಿ ನನ್ನ ತಪ್ಪೂ ಒಂದಿದೆ. ಅದನ್ನೂ ಮುಚ್ಚಿಡುವುದಿಲ್ಲ.

ಹುಡುಗ ಬೇರೆ ಯಾರೂ ಅಲ್ಲ, ನನ್ನ ಅಣ್ಣನ ಮಗ. ಅಣ್ಣನದು ಕುಶನ್ ಅಂಗಡಿ. ಆಟೋ, ಜೀಪು, ಬಸ್ಸುಗಳ ಸೀಟಿಗೆ ಫೋಮ್ ಕೂರಿಸಿ ರೆಕ್ಸಿನ್ ಹೊಲಿಯುವ ಕೆಲಸ. ಅತ್ತಿಗೆ ಮನೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿಯುತ್ತಾರೆ. ನಮ್ಮ ತಂದೆಯವರ ಕಾಲದ ಆ ಅಂಗಡಿಯ ದುಡಿಮೆಯಿಂದಲೇ ನಾನು ಓದಿ ಉಪನ್ಯಾಸಕನಾದೆ. ಆದರೆ ಹುಡುಗ ಕಾಲೇಜಿನ ಅರ್ಜಿಯಲ್ಲಿ ತಂದೆಯ ಉದ್ಯೋಗದ ಜಾಗದಲ್ಲಿ ‘ವ್ಯಾಪಾರ’ ಎಂದು ಬರೆದಿದ್ದ. ನಾನೇ ಅದನ್ನು ಓದಿ ಸಹಿ ಮಾಡಿಸಿದೆ. ನನಗೂ ಅದು ಸರಿಯೆಂದೇ ಕಂಡಿತ್ತು.

ಅವನು ಪಿಯುಸಿಯಲ್ಲಿದ್ದಾಗ ಒಂದು ದಿನ ಬಂದು, “ಚಾಚಾ, ಫೆಸ್ಟಿಗೆ ಐರನ್ ಮ್ಯಾನ್ ಡ್ರೆಸ್ ಮಾಡ್ತೀನಿ, ಮೈ ತುಂಬ, ಹೆಲ್ಮೆಟ್ ಸಮೇತ” ಎಂದ. ನಾನು, “ಸಿಇಟಿ ಹತ್ತಿರ ಬಂತು, ಇದೇನು ಮಕ್ಕಳಾಟ?” ಎಂದು ಗದರಿದೆ. ಅಷ್ಟಕ್ಕೇ ಬಿಡದೆ ಅಣ್ಣನಿಗೂ ಹೇಳಿ, ಅದನ್ನು ಮನೆಯಲ್ಲಿ ಮಾಡಕೂಡದೆಂದು ಕಟ್ಟಪ್ಪಣೆ ಮಾಡಿಸಿದೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಐರನ್ ಮ್ಯಾನ್ 1963ರಲ್ಲಿ ಅಮೆರಿಕದ ಚಿತ್ರಕಥೆಯ ಪುಸ್ತಕದಲ್ಲಿ ಹುಟ್ಟಿದ ಪಾತ್ರ. 2008ರಲ್ಲಿ ಸಿನಿಮಾ ಬಂದಮೇಲೆ ನಮ್ಮ ಮಕ್ಕಳಿಗೂ ಪರಿಚಯವಾಯಿತು. ಶತ್ರುಗಳ ಸೆರೆಯಲ್ಲಿರುವ ಒಬ್ಬ ಎಂಜಿನಿಯರ್ ಕೈಗೆ ಸಿಕ್ಕ ಸಾಮಾನಿನಿಂದಲೇ ತನ್ನ ಮೊದಲ ಕವಚವನ್ನು ಕಟ್ಟಿಕೊಳ್ಳುತ್ತಾನೆ. ಆ ಚಿತ್ರದ ಕೆಲವು ದೃಶ್ಯಗಳಿಗೆ ನಿಜವಾಗಿಯೂ ಮೈಮೇಲೆ ತೊಡುವ ಕವಚಗಳನ್ನು ಸ್ಟಾನ್ ವಿನ್‌ಸ್ಟನ್ ಸ್ಟುಡಿಯೋದ ಕೆಲಸಗಾರರು ತಯಾರಿಸಿದ್ದರು. ಉಳಿದದ್ದು ಕಂಪ್ಯೂಟರಿನ ಕೈಚಳಕ.

ಇಂಥ ಸಿನಿಮಾ ಕವಚಗಳ ಕಥೆ ಇನ್ನೂ ಹಳೆಯದು. 1977ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಚಿತ್ರದ ಬಿಳಿ ಕವಚದ ಸೈನಿಕರನ್ನು ನೀವು ಚಿತ್ರಗಳಲ್ಲಾದರೂ ನೋಡಿರುತ್ತೀರಿ. ಅವು ಇಂಗ್ಲೆಂಡಿನಲ್ಲಿ ತಯಾರಾದವು. ನೋಡಲು ಉಕ್ಕಿನಂತಿದ್ದರೂ ಅವು ತೆಳ್ಳಗಿನ ಪ್ಲಾಸ್ಟಿಕ್. ಹಾಳೆಯನ್ನು ಬಿಸಿಮಾಡಿ ಮೆತ್ತಗಾದಾಗ ಅಚ್ಚಿನ ಮೇಲೆ ಹೊದಿಸಿ, ಕೆಳಗಿನಿಂದ ಗಾಳಿ ಎಳೆದುಕೊಂಡರೆ ಹಾಳೆ ಅಚ್ಚಿಗೆ ಅಂಟಿಕೊಂಡು ಅದರ ಆಕಾರ ಪಡೆಯುತ್ತದೆ. ಬಿಸ್ಕತ್ತು ಪೊಟ್ಟಣದೊಳಗಿನ ಟ್ರೇ ತಯಾರಾಗುವುದೂ ಇದೇ ಕ್ರಮದಲ್ಲಿ. ಅಂಥ ಹೆಲ್ಮೆಟ್ಟುಗಳನ್ನು ತಯಾರಿಸಿದ ಆಂಡ್ರ್ಯೂ ಐನ್ಸ್‌ವರ್ತ್ ಎಂಬ ಕುಶಲಕರ್ಮಿ ಮುಂದೆ ಅವುಗಳ ಪ್ರತಿಗಳನ್ನು ಮಾರತೊಡಗಿದಾಗ ಚಿತ್ರ ಕಂಪೆನಿ ಮೊಕದ್ದಮೆ ಹೂಡಿತು. 2011ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು, ಆ ಹೆಲ್ಮೆಟ್ ‘ಶಿಲ್ಪ’ವಲ್ಲ, ಚಿತ್ರ ತಯಾರಿಕೆಗೆ ಬಳಸಿದ ಉಪಯುಕ್ತ ವಸ್ತು, ಆದ್ದರಿಂದ ಶಿಲ್ಪಕ್ಕೆ ದೊರೆಯುವ ಕೃತಿಸ್ವಾಮ್ಯ ಅದಕ್ಕೆ ಸಲ್ಲದು ಎಂದು ತೀರ್ಪು ಕೊಟ್ಟಿತು. ಅದೇ ತೀರ್ಪಿನಲ್ಲಿ, ಅಮೆರಿಕದ ಕೃತಿಸ್ವಾಮ್ಯ ಉಲ್ಲಂಘನೆಯ ದೂರನ್ನು ಇಂಗ್ಲೆಂಡಿನ ನ್ಯಾಯಾಲಯ ವಿಚಾರಿಸಬಹುದು ಎಂದೂ ಹೇಳಿತು. ಕಾನೂನು ಓದುವವರು ಈ ಪ್ರಕರಣವನ್ನು ಗಮನಿಸಬೇಕು. ಉಳಿದವರು ಇಷ್ಟು ನೆನಪಿಟ್ಟರೆ ಸಾಕು: ತನಗಾಗಿ ಮಾಡಿಕೊಳ್ಳುವುದು ಬೇರೆ, ಮಾರಾಟಕ್ಕೆ ಇಳಿಯುವುದು ಬೇರೆ.

ಮನೆಯಲ್ಲಿ ಕವಚ ಮಾಡುವವರಿಗೆ ಅಂಥ ಯಂತ್ರವೂ ಇಲ್ಲ, ಅಚ್ಚೂ ಇಲ್ಲ. ಅವರು ಹಿಡಿದ ದಾರಿ ಎರಡು, ಕಾಗದ ಮತ್ತು ಫೋಮ್. ಜಪಾನಿನ ‘ಪೆಪಕುರ’ ಎಂಬ ತಂತ್ರಾಂಶವಿದೆ. ಕಂಪ್ಯೂಟರಿನಲ್ಲಿರುವ ಮೂರು ಆಯಾಮದ ಆಕೃತಿಯನ್ನು ಅದು ಬಿಡಿಸಿ, ಚಪ್ಪಟೆ ತುಂಡುಗಳಾಗಿ ಹಾಳೆಯ ಮೇಲೆ ಹರಡುತ್ತದೆ. ಮುದ್ರಿಸಿ, ಕತ್ತರಿಸಿ, ನಂಬರು ನೋಡಿ ಅಂಟಿಸಿದರೆ ತಲೆಗೆ ಕೂರುವ ಹೆಲ್ಮೆಟ್ಟು ಸಿದ್ಧ. ಇಲ್ಲವೆ ಅದೇ ತುಂಡುಗಳನ್ನು ಫೋಮಿನ ಮೇಲಿಟ್ಟು ಗುರುತು ಹಾಕಿ ಕತ್ತರಿಸಬೇಕು.

ನಮ್ಮ ಹುಡುಗನ ಮೊದಲ ಸೋಲು ಇಲ್ಲಿಯೇ ಆಯಿತು. ಹತ್ತಾರು ಹಾಳೆ ಮುದ್ರಿಸಿ ತಂದು, ನಾಲ್ಕು ರಾತ್ರಿ ಕೂತು ಅಂಟಿಸಿದ. ನೋಡಿದರೆ ಹೆಲ್ಮೆಟ್ಟು ತಲೆಗೆ ಇಳಿಯಲೇ ಇಲ್ಲ. ಕಾರಣ ಇಷ್ಟೇ. ಮುದ್ರಿಸುವಾಗ ‘ಹಾಳೆಗೆ ಹೊಂದಿಸು’ ಎಂಬ ಆಯ್ಕೆ ಹಾಗೆಯೇ ಉಳಿದಿತ್ತು. ಯಂತ್ರ ಪ್ರತಿ ಹಾಳೆಯನ್ನೂ ಸ್ವಲ್ಪ ಸ್ವಲ್ಪ ಕುಗ್ಗಿಸಿತ್ತು. ಮಕ್ಕಳೇ, ಇಂಥ ಕೆಲಸಕ್ಕೆ ಹೋದರೆ ಮೊದಲು ಹತ್ತು ಸೆಂಟಿಮೀಟರಿನ ಒಂದು ಚೌಕ ಮುದ್ರಿಸಿ, ಸ್ಕೇಲಿಟ್ಟು ಅಳೆಯಿರಿ. ಒಂದು ಹಾಳೆ ಖರ್ಚಾಗುತ್ತದೆ, ನಾಲ್ಕು ರಾತ್ರಿ ಉಳಿಯುತ್ತದೆ. ಇನ್ನೊಂದು ಲೆಕ್ಕವನ್ನೂ ನೋಡಿ. ಆಕೃತಿಯ ಎತ್ತರವನ್ನು ನೂರಕ್ಕೆ ಹತ್ತು ಹೆಚ್ಚಿಸಿದರೆ ಮೇಲ್ಮೈ ಹೆಚ್ಚುವುದು ಹತ್ತಲ್ಲ, ಇಪ್ಪತ್ತೊಂದು. ಒಳಗಿನ ಗಾತ್ರ ಹೆಚ್ಚುವುದು ಮೂವತ್ತಮೂರು. ಬೇಕಾಗುವ ಫೋಮು, ಬಣ್ಣ ಎರಡೂ ಮೇಲ್ಮೈಯ ಲೆಕ್ಕದಲ್ಲೇ ಏರುತ್ತವೆ.

ಎರಡನೆಯ ಸೋಲು ಸಾಮಗ್ರಿಯದು. ತಂದೆಯ ಅಂಗಡಿಯಿಂದ ಸೀಟಿನ ಫೋಮಿನ ತುಂಡುಗಳನ್ನು ಗುಟ್ಟಾಗಿ ತಂದ. ಅದು ಸ್ಪಂಜಿನಂತೆ ತೆರೆದ ಕಣ್ಣಿನ ಫೋಮು. ಬಗ್ಗಿಸಿದರೆ ಮತ್ತೆ ಮೊದಲಿನಂತೆಯೇ ಆಗುತ್ತದೆ, ಬಣ್ಣ ಬಳಿದರೆ ಹೀರಿಕೊಳ್ಳುತ್ತದೆ. ಬೇಕಾದದ್ದು ಇವಿಎ ಎಂಬ ಫೋಮು. ಚಪ್ಪಲಿಯ ಅಟ್ಟೆಗೆ, ಮಕ್ಕಳು ಆಡುವ ಜೋಡಣೆಯ ಮ್ಯಾಟಿಗೆ ಬಳಸುವುದು ಅದೇ. ಅದರೊಳಗಿನ ಗಾಳಿಗುಳ್ಳೆಗಳು ಒಂದಕ್ಕೊಂದು ಸೇರದೆ ಮುಚ್ಚಿಕೊಂಡಿರುತ್ತವೆ. ಹೀಟ್ ಗನ್ನಿನಿಂದ ಬಿಸಿಗಾಳಿ ಹಾಯಿಸಿ, ಬೇಕಾದ ಹಾಗೆ ಬಗ್ಗಿಸಿ, ತಣಿಯುವವರೆಗೆ ಹಿಡಿದುಕೊಂಡರೆ ಆ ಬಾಗು ನಿಲ್ಲುತ್ತದೆ.

ಮೂರನೆಯದು ಸೋಲಲ್ಲ, ಅಪಾಯ. ನನ್ನ ತಪ್ಪು ಇರುವುದು ಇಲ್ಲಿಯೇ.

ಮನೆಯಲ್ಲಿ ಮಾಡಕೂಡದೆಂದು ಅಪ್ಪಣೆಯಾಗಿತ್ತಲ್ಲ, ಹುಡುಗ ರಾತ್ರಿ ಕೋಣೆಯ ಬಾಗಿಲಿಗೆ ಚಿಲಕ ಹಾಕಿಕೊಂಡು ಕೆಲಸ ಮಾಡುತ್ತಿದ್ದ. ವಾಸನೆ ಹೊರಗೆ ಬಂದರೆ ಸಿಕ್ಕಿಬೀಳುತ್ತೇನೆಂದು ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಬಟ್ಟೆ ತುರುಕಿದ್ದ. ಹಚ್ಚುತ್ತಿದ್ದುದು ಚಪ್ಪಲಿ, ಕುಶನ್ ಕೆಲಸಕ್ಕೆ ಬಳಸುವ ರಬ್ಬರ್ ಅಂಟು. ನಮ್ಮ ಕಡೆ ಸಲ್ಯೂಷನ್ ಎನ್ನುತ್ತಾರೆ. ಅದನ್ನು ತೆಳ್ಳಗಾಗಿಸಲು ಟೊಲುವೀನ್‌ನಂಥ ದ್ರಾವಕಗಳನ್ನು ಬೆರೆಸಿರುತ್ತಾರೆ. ಅವು ಆವಿಯಾಗಿ ಉಸಿರಿನೊಡನೆ ಒಳಹೋದರೆ ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಂತಿ. ಇನ್ನೂ ಹೆಚ್ಚಾದರೆ ಪ್ರಜ್ಞೆಯೇ ತಪ್ಪುತ್ತದೆ. ಜೊತೆಗೆ ಆ ಆವಿಗೆ ಕಿಡಿ ತಾಗಿದರೆ ಬೆಂಕಿ. ಅದೇ ಕೋಣೆಯಲ್ಲಿ ಹೀಟ್ ಗನ್ನೂ ಇತ್ತು. ಬೆಳಗಿನ ನಮಾಜಿಗೆ ಎದ್ದ ಅತ್ತಿಗೆ ಬಾಗಿಲು ಬಡಿದರೆ ಉತ್ತರವಿಲ್ಲ. ಅಣ್ಣ ಚಿಲಕ ಮುರಿದು ಒಳಗೆ ಹೋದಾಗ ಹುಡುಗ ವಾಂತಿ ಮಾಡಿಕೊಂಡು ಗೋಡೆಗೊರಗಿ ಕೂತಿದ್ದ. ಮಾತಾಡಲು ನಾಲಿಗೆ ತೊದಲುತ್ತಿತ್ತು. ಅಲ್ಲಾಹನ ದಯೆಯಿಂದ, ಹೊರಗಿನ ಗಾಳಿಗೆ ಕರೆತಂದು ಡಾಕ್ಟರಿಗೆ ತೋರಿಸಿದ ಮೇಲೆ ಚೇತರಿಸಿಕೊಂಡ.

ಸುದ್ದಿ ಕೇಳಿ ಓಡಿಹೋದ ನಾನು, “ನಾನು ಹೇಳಿರಲಿಲ್ಲವೇ?” ಎಂದು ಶುರುಮಾಡಿದೆ. ಅಣ್ಣ ನನ್ನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದ: “ಆ ಸಲ್ಯೂಷನ್ ನಾನು ಇಪ್ಪತ್ತೆಂಟು ವರ್ಷದಿಂದ ಹಚ್ಚುತ್ತಿದ್ದೇನೆ. ಬಾಗಿಲು ಹಾಕಿಕೊಂಡು ಹಚ್ಚಬಾರದು ಅಂತ ನನಗೆ ಗೊತ್ತಿತ್ತು. ಅವನು ನನ್ನನ್ನು ಕೇಳಲಿಲ್ಲ. ಕೇಳದ ಹಾಗೆ ಮಾಡಿದವರು ನಾವೇ.”

ಪೋಷಕರೇ, ಈ ಮಾತನ್ನು ನಿಮಗೆ ತಲುಪಿಸಲೆಂದೇ ನಾನು ಈ ದಿನ ನಿಂತಿದ್ದೇನೆ. ಮಗ ಏನು ಮಾಡುತ್ತಿದ್ದಾನೆಂದು ನಾವು ವಿಚಾರಿಸಲಿಲ್ಲ, ಬೇಡ ಎಂದಷ್ಟೇ ಹೇಳಿದೆವು. ಬೇಡ ಎಂದದ್ದರಿಂದ ಕೆಲಸ ನಿಲ್ಲಲಿಲ್ಲ. ಗಾಳಿ ಬರುವ ಬಾಗಿಲು ಮಾತ್ರ ಮುಚ್ಚಿತು. ರಸಾಯನಶಾಸ್ತ್ರದಲ್ಲಿ ಟೊಲುವೀನಿನ ಸೂತ್ರ ಬರೆದು ಪೂರ್ತಿ ಅಂಕ ತೆಗೆದ ಹುಡುಗನಿಗೆ ತನ್ನ ಮೂಗಿನ ಕೆಳಗಿನ ಡಬ್ಬಿಯಲ್ಲಿರುವುದೂ ಅದೇ ಎಂದು ತಿಳಿದಿರಲಿಲ್ಲ. ಅದು ತಿಳಿದಿದ್ದ ತಂದೆ ಪಕ್ಕದ ಕೋಣೆಯಲ್ಲೇ ಮಲಗಿದ್ದ.

ಮರುವಾರ ಅಣ್ಣ ಮಗನನ್ನು ಸಾಮಾನಿನ ಸಮೇತ ಅಂಗಡಿಗೆ ಕರೆದುಕೊಂಡು ಹೋದ. ಷಟರ್ ಪೂರ್ತಿ ತೆರೆದು, ಗಾಳಿ ರಸ್ತೆಯ ಕಡೆಗೆ ಹೋಗುವಂತೆ ಫ್ಯಾನಿಟ್ಟು ಅಂಟು ಹಚ್ಚುವ ಕ್ರಮ ತೋರಿಸಿದ. ಎರಡೂ ಬದಿಗೆ ತೆಳ್ಳಗೆ ಹಚ್ಚಬೇಕು. ಆತುರ ಕೂಡದು. ಬೆರಳ ಹಿಂಬದಿಯಿಂದ ಮುಟ್ಟಿದರೆ ಅಂಟದಷ್ಟು ಆರಿದ ಮೇಲೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಒತ್ತುತ್ತ ಬರಬೇಕು. ಒಮ್ಮೆ ಕೂಡಿದರೆ ಮತ್ತೆ ಸರಿಸಲಾಗದು. ಹುಡುಗ ಇದುವರೆಗೆ ಹಸಿಯಿರುವಾಗಲೇ ಒತ್ತಿ, ಬಿಟ್ಟುಕೊಂಡಿತೆಂದು ಮತ್ತೆ ಮತ್ತೆ ಹಚ್ಚುತ್ತಿದ್ದ. ಅಷ್ಟು ಆವಿ ಕುಡಿದದ್ದು ಅದಕ್ಕೇ.

ಆಮೇಲೆ ಚೂರಿ. ಮೊಂಡು ಚೂರಿ ಫೋಮನ್ನು ಕತ್ತರಿಸುವುದಿಲ್ಲ, ಎಳೆದು ಹರಿಯುತ್ತದೆ. ಅಣ್ಣ ನಾಲ್ಕು ಗೀರಿಗೊಮ್ಮೆ ಸಾಣೆಕಲ್ಲಿಗೆ ಉಜ್ಜುವುದನ್ನು ಮಗ ಹುಟ್ಟಿದಾಗಿನಿಂದ ನೋಡಿದ್ದ, ಏಕೆಂದು ಕೇಳಿರಲಿಲ್ಲ. ಎರಡು ಹಲಗೆ ತೊಂಬತ್ತು ಡಿಗ್ರಿಯಲ್ಲಿ ಕೂಡಬೇಕಾದರೆ ಎರಡರ ಅಂಚನ್ನೂ ನಲವತ್ತೈದಕ್ಕೆ ಓರೆ ಕತ್ತರಿಸಬೇಕು. ಅಣ್ಣನಿಗೆ ಡಿಗ್ರಿಯ ಹೆಸರು ಬೇಕಿಲ್ಲ. “ಚೂರಿ ಅರ್ಧ ಮಲಗಿಸು” ಎನ್ನುತ್ತಾನೆ, ಅಷ್ಟೇ.

ಮುಂಗೈ ಕವಚದ ವಿಷಯದಲ್ಲಿ ಮಾತ್ರ ತಂದೆ ಮಗ ಇಬ್ಬರೂ ನನ್ನ ಬಳಿ ಬಂದರು. ತೋಳಿನ ಸುತ್ತಳತೆ ಮೂವತ್ತು ಸೆಂಟಿಮೀಟರು. ಮೂವತ್ತಕ್ಕೇ ಕತ್ತರಿಸಿ ಸುತ್ತಿದರೆ ಬಿಗಿಯಾಯಿತು. ಲೆಕ್ಕ ಸರಳ. ಫೋಮಿನ ದಪ್ಪ ಒಂದು ಸೆಂಟಿಮೀಟರು. ಸುತ್ತಿದಾಗ ಒಳಮೈ ಅಮುಕಿಕೊಳ್ಳುತ್ತದೆ, ಹೊರಮೈ ಹಿಗ್ಗುತ್ತದೆ. ಉದ್ದ ಬದಲಾಗದೆ ಉಳಿಯುವುದು ನಡುವಿನ ಪದರ ಮಾತ್ರ. ಒಳಗಡೆ ಮೂವತ್ತು ಬೇಕಾದರೆ ನಡುವಿನ ಪದರ 33.1 ಇರಬೇಕು. ಹೊರಗಡೆ ಅದು 36.3 ಆಗುತ್ತದೆ. ದಪ್ಪವನ್ನು ಪೈಯಿಂದ ಗುಣಿಸಿ ಕೂಡಿಸಿದರೆ ಮುಗಿಯಿತು. ಮೇಲೆ ಕೈ ಆಡಲು ಒಂದೆರಡು ಸೆಂಟಿಮೀಟರು ಸಡಿಲ. ಮುಷ್ಟಿ ಮಣಿಕಟ್ಟಿಗಿಂತ ದಪ್ಪವಾದ್ದರಿಂದ ಒಂದು ಬದಿ ತೆರೆದು ವೆಲ್‌ಕ್ರೋ ಪಟ್ಟಿ. ಪೈ ಎಂದರೆ ಪರೀಕ್ಷೆಯ ಹೊರಗೂ ಇದೆ ಎಂದು ಹುಡುಗನಿಗೆ ಅಂದು ತಿಳಿಯಿತು. ನನ್ನ ವಿದ್ಯೆಯೂ ಒಂದು ಕೆಲಸಕ್ಕೆ ಬಂತೆಂದು ನನಗೂ ಸಮಾಧಾನವಾಯಿತು.

ಭುಜದ ಗುಮ್ಮಟದ ಬಳಿ ನಾವು ಮೂವರೂ ಸೋತೆವು. ಚಪ್ಪಟೆ ಹಾಳೆಯನ್ನು ಸುಕ್ಕಿಲ್ಲದೆ ಚೆಂಡಿನ ಮೇಲೆ ಹೊದಿಸಲು ಸಾಧ್ಯವಿಲ್ಲವೆಂಬುದು ಗಣಿತದಲ್ಲಿ ಸಿದ್ಧವಾಗಿರುವ ಸತ್ಯ. ಕಿತ್ತಳೆ ಸಿಪ್ಪೆಯನ್ನು ಹರಿಯದೆ ಮೇಜಿನ ಮೇಲೆ ಹರಡಲಾಗದಲ್ಲ, ಹಾಗೆ. ಚಹಾ ತಂದ ಅತ್ತಿಗೆ ನಿಂತು ನೋಡಿ, “ಇದಕ್ಕೇನು, ಬ್ಲೌಸಿಗೆ ಟಕ್ಸ್ ಹಿಡಿದ ಹಾಗೆ ಹಿಡಿಯಿರಿ” ಎಂದರು. ಅಂಚಿನಿಂದ ನಡುವಿಗೆ ಎಲೆಯಾಕಾರದ ನಾಲ್ಕು ಸೀಳು ತೆಗೆದು, ಆ ಸೀಳುಗಳನ್ನು ಕೂಡಿಸಿದರೆ ಹಾಳೆ ತಾನಾಗಿಯೇ ಉಬ್ಬಿ ಗುಮ್ಮಟವಾಯಿತು.

ನಗಬೇಡಿ. 1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ತೊಟ್ಟ ಪೋಷಾಕು ಯಾವ ಕಾರ್ಖಾನೆಯದು ಗೊತ್ತೇ? ಹೆಂಗಸರ ಒಳಉಡುಪಿಗೆ ಹೆಸರಾದ ಪ್ಲೇಟೆಕ್ಸ್ ಕಂಪೆನಿಯ ಸಮೂಹದ್ದು. ಬೇರೆ ಸಂಸ್ಥೆಗಳ ಪೋಷಾಕುಗಳ ಎದುರು ಗೆದ್ದದ್ದು ಅವರ ಮೃದುವಾದ ಪೋಷಾಕು. ಅದರ ಇಪ್ಪತ್ತೊಂದು ಪದರಗಳನ್ನು ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಕ್ಕಳು ಹೊಲಿದರು. ಒಂದು ಗುಂಡುಪಿನ್ನು ಒಳಗೆ ಉಳಿದರೂ ಗಗನಯಾತ್ರಿಯ ಪ್ರಾಣಕ್ಕೆ ಸಂಚಕಾರ. ಹೊಲಿಗೆ ಕಲಿತ ತಾಯಂದಿರೇ, ನಿಮ್ಮ ಕೈಯಲ್ಲಿರುವುದು ಆ ವಿದ್ಯೆಯೇ.

ಬಣ್ಣದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಬಡಗಿಗಳು ಬಳಸುವ ಬಿಳಿ ಅಂಟಿಗೆ ನೀರು ಬೆರೆಸಿ ಮೂರು ನಾಲ್ಕು ಸಲ ಬಳಿದರೆ ಫೋಮಿನ ಮೈ ನುಣುಪಾಗುತ್ತದೆ. ಆಮೇಲೆ ಕೆಂಪು, ಬಂಗಾರದ ಬಣ್ಣ. ಕೊನೆಗೆ ಕಪ್ಪು ಬಣ್ಣ ಸವರಿ ಒರೆಸಿದರೆ ಸಂದುಗಳಲ್ಲಿ ಮಸಿ ನಿಂತು ಲೋಹದಂತೆ ಕಾಣುತ್ತದೆ. ಕಾಗದದ ಹೆಲ್ಮೆಟ್ಟನ್ನು ಗಟ್ಟಿಮಾಡಲು ಕೆಲವರು ಫೈಬರ್ ರೆಸಿನ್ ಬಳಿಯುತ್ತಾರೆ. ಹಿರಿಯರಿಲ್ಲದೆ ಅದಕ್ಕೆ ಕೈಹಾಕಬೇಡಿ. ಅದರ ಹಾರ್ಡನರನ್ನೂ ಕೋಬಾಲ್ಟ್ ದ್ರವವನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸಿಡಿಯಬಹುದು. ಮೂಗಿಗೆ ಕರವಸ್ತ್ರ ಕಟ್ಟಿದರೆ ಧೂಳು ಸ್ವಲ್ಪ ತಡೆಯಬಹುದು, ಆವಿ ತಡೆಯುವುದಿಲ್ಲ. ಆವಿಗೆಂದೇ ಇದ್ದಿಲು ತುಂಬಿದ ಡಬ್ಬಿಯ ಮಾಸ್ಕು ಬೇರೆ ಸಿಗುತ್ತದೆ.

ಫೆಸ್ಟಿನ ದಿನ ಹುಡುಗ ಕವಚ ತೊಟ್ಟು ವೇದಿಕೆ ಹತ್ತಿದ. ಮುಚ್ಚಿದ ಫೋಮಿನೊಳಗೆ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಅದಕ್ಕಾಗಿ ಹೆಲ್ಮೆಟ್ಟಿನಲ್ಲಿ ಕಂಪ್ಯೂಟರಿನ ಸಣ್ಣ ಫ್ಯಾನು ಕೂರಿಸಿದ್ದೆವು. ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದ ಗೆಳೆಯ. ಇಪ್ಪತ್ತು ನಿಮಿಷಕ್ಕೊಮ್ಮೆ ಕಳಚಬೇಕೆಂದು ತಾಯಿಯ ಕರಾರು. ಕವಚದಲ್ಲಿ ಕೂರಲಾಗದು, ಕಾಲಬುಡ ಕಾಣದು. ಮೆಟ್ಟಿಲಿಳಿಯುವಾಗ ಎಡಗಾಲಿನ ಮೊಣಕಾಲು ಕವಚ ಕಳಚಿ ಉರುಳಿತು. ಸಭೆ ನಕ್ಕಿತು. ಮೊದಲ ಬಹುಮಾನ ಬಾಡಿಗೆಗೆ ತಂದ ವೇಷಕ್ಕೆ ಹೋಯಿತು. ನಮ್ಮವನಿಗೆ ಯಾವ ಬಹುಮಾನವೂ ಬರಲಿಲ್ಲ.

ಮನೆಗೆ ಬರುವಾಗ ಅಣ್ಣ ಆ ಮೊಣಕಾಲಿನ ತುಂಡನ್ನು ತಿರುಗಿಸಿ ನೋಡುತ್ತ, “ಇಲ್ಲಿ ಅಂಟು ಸಾಲದು, ಪಟ್ಟಿ ಹೊಲಿಯಬೇಕಿತ್ತು” ಎಂದ. ಹುಡುಗ, “ಹೌದು ಅಬ್ಬಾ, ನಾಳೆ ತೋರಿಸಿ” ಎಂದ. ಅದಾದ ಮೇಲೆ ಪ್ರತಿ ಭಾನುವಾರ ಅವನು ಅಂಗಡಿಯಲ್ಲಿರುತ್ತಾನೆ. ಸಿಇಟಿಯಲ್ಲಿ ಸಾಧಾರಣ ರ್‍ಯಾಂಕು ಬಂತು. ಮೆಕ್ಯಾನಿಕಲ್ ಓದುತ್ತಿದ್ದಾನೆ. ಕವಚ ಮಾಡಿದ್ದರಿಂದ ರ್‍ಯಾಂಕು ಹೆಚ್ಚಿತೆಂದು ನಾನು ಹೇಳಲಾರೆ, ಕಡಿಮೆಯಾಯಿತೆಂದೂ ಹೇಳಲಾರೆ.

ಇದೆಲ್ಲ ವೇಷ, ಇದರಿಂದ ಸಮಾಜಕ್ಕೇನು ಲಾಭ ಎಂದು ಹಿರಿಯರೊಬ್ಬರು ಕೇಳಬಹುದು. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಆಲ್ಬಿನ್ ಜಾನ್ಸನ್ ಎಂಬುವವರು 1994ರ ಅಪಘಾತದ ನಂತರ ಒಂದು ಕಾಲು ಕಳೆದುಕೊಂಡರು. ಬಿಳಿ ಸೈನಿಕ ಕವಚದೊಳಗೆ ಕೃತಕ ಕಾಲು ಯಾರಿಗೂ ಕಾಣುವುದಿಲ್ಲ. 1997ರಲ್ಲಿ ಅವರು ಕಟ್ಟಿದ ‘501ನೇ ಲೀಜನ್’ ಎಂಬ ಕೂಟ ಇಂದು ಹಲವು ದೇಶಗಳಿಗೆ ಹರಡಿದೆ. ಸದಸ್ಯರು ಕವಚ ತೊಟ್ಟು ಆಸ್ಪತ್ರೆಗಳಲ್ಲಿರುವ ಮಕ್ಕಳನ್ನು ಕಂಡುಬರುತ್ತಾರೆ, ಧರ್ಮಕಾರ್ಯಗಳಿಗೆ ಹಣ ಕೂಡಿಸುತ್ತಾರೆ. ಅವರ ಮಗಳು ಕೇಟಿಗೆ ಮಿದುಳಿನ ಗೆಡ್ಡೆಯಾದಾಗ, ತನ್ನನ್ನು ಕಾಯಲು ಚಿತ್ರದಲ್ಲಿರುವಂಥ ಪುಟ್ಟ ರೋಬಾಟ್ ಬೇಕೆಂದಳು. ಇದೇ ಹವ್ಯಾಸದ ಗೆಳೆಯರು ಗುಲಾಬಿ ಬಣ್ಣದ ಒಂದನ್ನು ಕಟ್ಟಿಕೊಟ್ಟರು. ಮಗು 2005ರಲ್ಲಿ ತೀರಿಕೊಂಡಿತು. ಆ ರೋಬಾಟ್ ಇನ್ನೂ ಬೇರೆ ಮಕ್ಕಳ ಹಾಸಿಗೆಯ ಪಕ್ಕಕ್ಕೆ ಹೋಗಿಬರುತ್ತಿದೆ. ಲಾಭ ಎಂದರೆ ಇದೂ ಒಂದು ಲಾಭವೇ.

ಮದ್ರಸದಲ್ಲಿ ಓದಿದ ಮಕ್ಕಳಿಗೆ ದಾವೂದ್ ಅಲೈಹಿಸ್ಸಲಾಮರ ವೃತ್ತಾಂತ ಗೊತ್ತು. ರಾಜ್ಯವಾಳಿದವರು ಕಬ್ಬಿಣದ ಕವಚ ಹೆಣೆಯುತ್ತಿದ್ದರು. ಕೊಂಡಿಗಳನ್ನು ಅಳತೆಯಿಂದ ಜೋಡಿಸಬೇಕೆಂಬ ಸೂಚನೆಯೂ ಅಲ್ಲಿದೆ. ಅಳತೆ ತಪ್ಪಿದ ಕವಚ ಕವಚವೇ ಅಲ್ಲ. ಕೈಕೆಲಸ ಕೀಳು ಎಂಬ ಭಾವನೆ ನಮ್ಮೊಳಗೆ ಯಾವಾಗ ಹೊಕ್ಕಿತೋ!

ಕೊನೆಯದಾಗಿ ಸಂಘಕ್ಕೆ ಒಂದು ಬಿನ್ನಹ. ಈ ಸಭಾಂಗಣದಲ್ಲಿ ಪ್ರತಿ ವರ್ಷ ಅಂಕಗಳಿಗೆ ಬಹುಮಾನ ಕೊಡುತ್ತೇವೆ. ಅದು ಇರಲಿ. ಬರುವ ವರ್ಷ ಆ ಬಾಗಿಲ ಬಳಿ ಎರಡು ಮೇಜು ಹಾಕಿಸಿ. ಮಕ್ಕಳು ತಮ್ಮ ಕೈಯಿಂದ ಮಾಡಿದ್ದು ಏನಿದ್ದರೂ ತಂದಿಡಲಿ. ಕವಚವಾಗಲಿ, ಕಸೂತಿಯಾಗಲಿ, ರಿಪೇರಿ ಮಾಡಿದ ಮಿಕ್ಸಿಯಾಗಲಿ. ಪಕ್ಕದಲ್ಲಿ ಅದನ್ನು ಕಲಿಸಿದವರ ಹೆಸರನ್ನೂ ಬರೆಯಲಿ. ಅರ್ಜಿಯಲ್ಲಿ ‘ವ್ಯಾಪಾರ’ ಎಂದು ಬರೆದ ಜಾಗದಲ್ಲಿ ‘ಕುಶನ್ ಕೆಲಸ’ ಎಂದು ಬರೆಯುವ ಧೈರ್ಯ ಆಗ ಬರುತ್ತದೆ. ಮೊದಲ ಮೇಜಿನ ಖರ್ಚು ನನ್ನದು.

ವಿದ್ಯಾರ್ಥಿಗಳೇ, ಮಾಡಿ, ಆದರೆ ಬಾಗಿಲು ತೆರೆದಿಟ್ಟು ಮಾಡಿ. ಪೋಷಕರೇ, ಆ ಬಾಗಿಲನ್ನು ನೀವು ಮುಚ್ಚಿಸಬೇಡಿ.